ಡಿಜಿಟಲ್ ಪಿಯಾನೋ ಬದಲು ಮಿಡಿ ಕಂಟ್ರೋಲರ್ ಕಳಿಸಿರುವ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ವಾದ್ಯಗಳ ಆನ್‌ಲೈನ್ ಮಾರಾಟ ವಿಭಾಗ

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ '88 ಕೀ ಡಿಜಿಟಲ್ ಪಿಯಾನೋ, ಹ್ಯಾಮರ್ ಆ್ಯಕ್ಷನ್, ಸ್ಪೀಕರ್ ಸಹಿತ' ಎಂದು ಹಾಕಿದ್ದನ್ನು ನೋಡಿ, ಪೂರ್ತಿ ಹಣ ಮೊದಲೇ ಕಟ್ಟಿ ತರಿಸಿಕೊಂಡೆ. ಬಂದಿರುವುದು ಮಿಡಿ ಕಂಟ್ರೋಲರ್, ಅಂದರೆ ಕಂಪ್ಯೂಟರಿಗೋ ಬೇರೆ ವಾದ್ಯಕ್ಕೋ ಸಿಕ್ಕಿಸಿ ನುಡಿಸುವ ಬರೀ ಕೀಗಳ ಹಲಗೆ. ಅದಕ್ಕೆ ಸ್ಪೀಕರ್ ಇಲ್ಲ. ಒಳಗೆ ಸ್ವರ ಹುಟ್ಟಿಸುವ ಭಾಗವೇ ಇಲ್ಲ. ಕೀ ಒತ್ತಿದರೆ ಪ್ಲಾಸ್ಟಿಕ್ಕಿನ ಟಕ್ ಟಕ್ ಬಿಟ್ಟು ಬೇರೇನೂ ಕೇಳುವುದಿಲ್ಲ. ವಾಪಸ್ ತಗೊಳ್ಳಿ ಎಂದರೆ 'ವಸ್ತುವಿನಲ್ಲಿ ದೋಷವಿಲ್ಲ' ಎಂದು ನನ್ನ ದೂರನ್ನೇ ಮುಚ್ಚಿಬಿಟ್ಟಿದ್ದೀರಿ.

ದೋಷವಿಲ್ಲ ಎಂದು ಹೇಗೆ ಗೊತ್ತಾಯಿತು ಅನ್ನುವುದನ್ನೂ ಕೇಳಿ. ನಿಮ್ಮ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಹಿಂದೆ ಮುಂದೆ ತಿರುಗಿಸಿ ನೋಡಿದ. ಹೆಡ್‌ಫೋನ್ ಹಾಕಲು ತೂತು ಹುಡುಕಿದ, ಸಿಗಲಿಲ್ಲ. ಅಲ್ಲಿರುವುದು ಯುಎಸ್‌ಬಿ, ಐದು ಪಿನ್ನಿನ ಮಿಡಿ ಸಾಕೆಟ್ ಮತ್ತು ಪೆಡಲ್ ಸಿಕ್ಕಿಸುವ ಜಾಗ, ಅಷ್ಟೇ. ಕೊನೆಗೆ ತನ್ನ ಫೋನಿಗೆ ಪಿಯಾನೋ ಆ್ಯಪ್ ಇಳಿಸಿಕೊಂಡು ಕೇಬಲ್ ಸಿಕ್ಕಿಸಿ, 'ನೋಡಿ ಸಾರ್, ಸೌಂಡ್ ಬರ್ತಿದೆ ಅಲ್ವಾ' ಎಂದ. ಸೌಂಡ್ ಬಂದಿದ್ದು ಅವನ ಫೋನಿನಿಂದ! ವರದಿಯಲ್ಲಿ 'ಕೆಲಸ ಮಾಡುತ್ತಿದೆ' ಎಂದು ಬರೆದು, ಫೋನ್ ಜೇಬಿಗೆ ಹಾಕಿಕೊಂಡು ಹೊರಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ಮನೆಯಲ್ಲಿ ಮಕ್ಕಳಿಗೆ ಪಾಠವನ್ನೂ ಹೇಳುತ್ತೇನೆ. ಮಿಡಿ ಕಂಟ್ರೋಲರ್ ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಸ್ಟುಡಿಯೋದವರಿಗೆ ಅದೇ ಬೇಕು. 1983ರಲ್ಲಿ ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಪದ್ಧತಿ, ಬಂದಾಗಿನಿಂದ ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ವಾದ್ಯ ನುಡಿಸುವುದು ಸುಲಭವಾಯಿತು. ಆದರೆ ಮಿಡಿಯಲ್ಲಿ ಹರಿಯುವುದು ಸ್ವರವಲ್ಲ, ಬರೀ ಸೂಚನೆ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಎಂಬುದನ್ನು 1ರಿಂದ 127ರೊಳಗಿನ ಅಂಕಿಯಾಗಿ ಕಳಿಸುತ್ತದೆ. ಆ ಅಂಕಿಯನ್ನು ನಾದ ಮಾಡಲು ಕಂಪ್ಯೂಟರೋ, ಸ್ವರ ಹುಟ್ಟಿಸುವ ಪೆಟ್ಟಿಗೆಯಾದ ಸೌಂಡ್ ಮಾಡ್ಯೂಲೋ ಬೇಕು. ಪಾಠಕ್ಕೆ ಬರುವ ಮಗುವಿನ ಮುಂದೆ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಕೇ?

ಕೀಗಳ ವಿಷಯದಲ್ಲೂ ಮಾತು ತಪ್ಪಿದ್ದೀರಿ. ಹ್ಯಾಮರ್ ಆ್ಯಕ್ಷನ್ ಇದ್ದರೆ ಕೀ ಒತ್ತುವಾಗ ನಿಜವಾದ ಪಿಯಾನೋದಂತೆ ಬೆರಳಿಗೆ ಭಾರ ಸಿಗುತ್ತದೆ. ಒಳ್ಳೆಯವುಗಳಲ್ಲಿ ಎಡಗಡೆಯ ಮಂದ್ರದ ಕೀಗಳು ಜಾಸ್ತಿ ಭಾರ, ಬಲಕ್ಕೆ ಹೋದಂತೆ ಹಗುರ. ನೀವು ಕಳಿಸಿದ್ದರಲ್ಲಿ ಈ ತುದಿಯಿಂದ ಆ ತುದಿಯವರೆಗೂ ಒಂದೇ ಸ್ಪ್ರಿಂಗು. ಬೆರಳು ಎತ್ತಿದ ಕೂಡಲೇ ಕೀ ಪುಟಿದು ಮೇಲೆ ಬರುತ್ತದೆ.

ಇದಕ್ಕೆ ನಿಮ್ಮ ಗ್ರಾಹಕ ಸೇವೆಯವರು ಹೇಳಿದ ಪರಿಹಾರ ಇನ್ನೂ ಚೆನ್ನಾಗಿದೆ. ಬದಲಿಗೆ ಸ್ಪೀಕರ್ ಇರುವ 61 ಕೀಗಳ ಕೀಬೋರ್ಡ್ ಕೊಡುತ್ತಾರಂತೆ, ನೂರಾರು ಟೋನ್, ರಿದಮ್ ಎಲ್ಲಾ ಇದೆಯಂತೆ. ಅದು ಅರೇಂಜರ್ ಕೀಬೋರ್ಡ್, ಹಿನ್ನೆಲೆಯ ತಾಳ, ವಾದ್ಯಗಳನ್ನು ತಾನೇ ನುಡಿಸಿಕೊಡುವಂಥದ್ದು. ಅಂಥದ್ದು ನನ್ನ ಹತ್ತಿರ ಇದೆ, ಗಣೇಶನ ಹಬ್ಬದ ಕಾರ್ಯಕ್ರಮಗಳು ನಡೆಯುವುದೇ ಅದರಲ್ಲಿ. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರವೂ ಇರುವುದರಿಂದ ಗಮಕ ಬೇಕಾದಾಗ ಕೈಗೆ ಬರುತ್ತದೆ. ಈಗ ನಾನು ಕೇಳಿದ್ದು ಪಿಯಾನೋ ಪರೀಕ್ಷೆಗೆ ಕೂರುವ ಮಕ್ಕಳಿಗಾಗಿ. ಟ್ರಿನಿಟಿ ಕಾಲೇಜ್ ಲಂಡನ್ ಗ್ರೇಡ್ ಪರೀಕ್ಷೆಗಳಲ್ಲೇ ಪಿಯಾನೋ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ. 61 ಕೀ ಅಂದರೆ ಐದು ಸಪ್ತಕ. ಪಿಯಾನೋಗೆ ಬರೆದ ಪಾಠ ನುಡಿಸುತ್ತಾ ಎಡಗೈ ಇನ್ನೂ ಕೆಳಗೆ ಇಳಿಯಬೇಕಾದರೆ ಅಲ್ಲಿ ಕೀಯೇ ಇರುವುದಿಲ್ಲ.

ನಿಮ್ಮ ಆ್ಯಪ್‌ನಲ್ಲಿ ಅರೇಂಜರ್, ಸಿಂಥಸೈಜರ್, ಡಿಜಿಟಲ್ ಪಿಯಾನೋ, ಕಂಟ್ರೋಲರ್ ಎಲ್ಲವನ್ನೂ 'ಕೀಬೋರ್ಡ್' ಎಂಬ ಒಂದೇ ತಲೆಬರಹದ ಕೆಳಗೆ ಸುಮ್ನೆ ಸುರಿದಿದ್ದೀರಿ. ಈ ಪತ್ರ ಬರೆಯುವ ಹೊತ್ತಿಗೂ ಅದೇ ಕಂಟ್ರೋಲರ್ ಪಿಯಾನೋ ಹೆಸರಿನಲ್ಲೇ ಮಾರಾಟಕ್ಕಿದೆ. ಮೊದಲ ವಾದ್ಯ ಕೊಳ್ಳುವ ಅಪ್ಪ ಅಮ್ಮಂದಿರಿಗೆ ಇದು ಹೇಗೆ ಗೊತ್ತಾಗಬೇಕು?

ಜಾಹೀರಾತಿನಲ್ಲಿ ಹೇಳಿದ ಗುಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ತೆಗೆದುಕೊಳ್ಳಲು, ಹಣ ಹಿಂತಿರುಗಿಸಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಆದ್ದರಿಂದ ಪೆಟ್ಟಿಗೆಯನ್ನು ನಿಮ್ಮ ಖರ್ಚಿನಲ್ಲೇ ತೆಗೆದುಕೊಂಡು ಹೋಗಿ, ಪೂರ್ತಿ ಹಣವನ್ನು ನನ್ನ ಖಾತೆಗೆ ಹಾಕಿ. ಬದಲಿ ವಸ್ತು ಬೇಡ. ಆ್ಯಪ್‌ನಲ್ಲಿನ ವಿವರವನ್ನೂ ಇವತ್ತೇ ತಿದ್ದಿ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸುವುದು, ಒಂದು ತಿಂಗಳೊಳಗೆ ಬಗೆಹರಿಸುವುದು ಅದೇ ನಿಯಮಗಳ ಪ್ರಕಾರ ನಿಮ್ಮ ಹೊಣೆ. ಆಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲು, ಆ್ಯಪ್‌ನ ಪುಟದ ಸ್ಕ್ರೀನ್‌ಶಾಟ್, ವಾದ್ಯದ ಹಿಂಬದಿಯ ಫೋಟೋ ಮತ್ತು ನಿಮ್ಮ ಹುಡುಗ ಬರೆದುಕೊಟ್ಟ ವರದಿಯನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ