ಕಂಬರಾಯನಿಗೂ ಒಂದು ಮೇಜು ಬೇಕು: ಗೆಳೆಯನಿಗೊಂದು ಪತ್ರ

ಪ್ರಿಯ ಪ್ರಶಾಂತ,

ಮೊದಲು ಮೇಜಿನ ಸಂಗತಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಬೆಂಗಳೂರಿನ ಚಿತ್ರಕಥೆಗಳ ಮೇಳ ಕಾಮಿಕ್ ಕಾನ್‌ನಲ್ಲಿ ಚಿತ್ರಕಾರರದ್ದೇ ಒಂದು ಸಾಲು ಉಂಟು. ಒಬ್ಬೊಬ್ಬರಿಗೆ ಒಂದು ಮೇಜು, ಕೂರಲು ಕುರ್ಚಿ, ಅಷ್ಟೇ. ತಾವೇ ಕಥೆ ಬರೆದು, ತಾವೇ ಚಿತ್ರ ಬಿಡಿಸಿ, ತಮ್ಮದೇ ದುಡ್ಡಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳನ್ನು ಹರಡಿಕೊಂಡು ಕೂತಿರುತ್ತಾರೆ. ನಮ್ಮ ಪ್ರಾಯದವರೂ ಇದ್ದರು, ಈಗಷ್ಟೇ ಕಾಲೇಜು ಮುಗಿಸಿದವರೂ ಇದ್ದರು. ಮಾತಾಡಿಸಿದವರಲ್ಲಿ ಹೆಚ್ಚಿನವರು ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ಚಿತ್ರಕ್ಕೆ ಕೂರುವವರು. ಆ ಸಾಲಿನಲ್ಲಿ ನಡೆಯುತ್ತಾ ಇದ್ದ ಹಾಗೆ ನಿನ್ನ ಮೇಲೆ ನನಗೆ ಪ್ರೀತಿಯೂ ಬಂತು, ಕೋಪವೂ ಬಂತು. ಶಾಲೆಯಲ್ಲಿದ್ದಾಗ ನೀನು ಸೃಷ್ಟಿಸಿದ ನಾಯಕ ಕಂಬರಾಯ ಇನ್ನೂ ಹಳೆಯ ನೋಟ್‌ಬುಕ್ಕುಗಳಲ್ಲೇ ಮಲಗಿದ್ದಾನಲ್ಲ, ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ನೀನು ತಪ್ಪಿಸಿಕೊಳ್ಳಬಾರದೆಂದು.

ಒಂದು ಮೇಜಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಅಲ್ಲಿ ಕೂತ ಹುಡುಗಿಯ ಬಲಗೈ ಕಿರುಬೆರಳಿನ ಬದಿ ಪೂರ್ತಿ ಶಾಯಿ. ಒಬ್ಬ ಶಾಲೆ ಹುಡುಗ ಬಂದು, ತನ್ನನ್ನು ಡೈನೋಸಾರ್ ಮೇಲೆ ಕೂರಿಸಿ ಬಿಡಿಸಿಕೊಡಬೇಕು ಅಂದ. ಅವಳು ಪೆನ್ಸಿಲ್ ಮುಟ್ಟಲಿಲ್ಲ. ಬ್ರಷ್ ಪೆನ್ನಿನಲ್ಲೇ ಮೊದಲು ಅವನ ಕನ್ನಡಕ, ಆಮೇಲೆ ಮೂಗು, ಆಮೇಲೆ ಒಂದೇ ಎಳೆತಕ್ಕೆ ಪ್ರಾಣಿಯ ಬೆನ್ನು. ಆ ಬೆನ್ನಿನ ಗೆರೆ ಎಲ್ಲಿ ದಪ್ಪವಾಗಬೇಕೋ ಅಲ್ಲಿ ದಪ್ಪ, ಎಲ್ಲಿ ಸಣ್ಣಗಾಗಬೇಕೋ ಅಲ್ಲಿ ಸಣ್ಣ. ಶಾಯಿ ಇನ್ನೂ ಒಣಗಿರಲಿಲ್ಲ. ಹುಡುಗ ಕಾಗದದ ಎರಡು ಅಂಚು ಹಿಡಿದು, ಉಸಿರು ಬಿಗಿಹಿಡಿದು, ಜನರ ನಡುವೆ ಅಡ್ಡಡ್ಡ ನಡೆದು ಅಮ್ಮನ ಹತ್ತಿರ ಹೋದ. ಅಂಥ ಗೆರೆ ನಾನು ಹಿಂದೆ ನೋಡಿದ್ದು ನಿನ್ನ ಕೈಯಲ್ಲಿ ಮಾತ್ರ.

ಪುಸ್ತಕ ಮಾಡುವುದು ಹೇಗೆ ಎಂದು ಅವಳಲ್ಲಿ ಕೇಳಿಕೊಂಡೆ, ನಿನಗೋಸ್ಕರ. ಪಿನ್ ಹೊಡೆದ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ಯಾಕೆಂದರೆ ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಹದಿನಾರು ಪುಟದಿಂದ ಶುರುಮಾಡು ಅಂದಳು. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿಸುವ ಖರ್ಚು ಇರುವುದರಿಂದ ಸಾವಿರಗಟ್ಟಲೆ ಹೊಡೆಸಿದರೆ ಮಾತ್ರ ಗಿಟ್ಟುತ್ತದೆ. ಡಿಜಿಟಲ್ ಪ್ರಿಂಟಿನಲ್ಲಿ ಐವತ್ತು ಪ್ರತಿ ಬೇಕೆಂದರೂ ಆಗುತ್ತದೆ, ಮುಗಿದ ಮೇಲೆ ಇನ್ನೈವತ್ತು. ಅವಳು ಮಾಡಿದ್ದೂ ಹಾಗೆಯೇ. ಎಷ್ಟು ಸುಲಭದಲ್ಲಿ ಹೇಳಿಬಿಟ್ಟಳು ಗೊತ್ತುಂಟಾ! ನಾವು ಹೈಸ್ಕೂಲಿನಲ್ಲಿ ಪುಸ್ತಕ ಮಾಡುವುದು ಅಂದರೆ ಎಂತದೋ ದೊಡ್ಡವರ ಕೆಲಸ ಅಂತ ತಿಳಿದುಕೊಂಡಿದ್ದೆವು.

ದೊಡ್ಡ ಮೇಳಗಳೆಲ್ಲ ಹುಟ್ಟಿದ್ದೂ ಇಂಥ ಮೇಜುಗಳಿಂದಲೇ. ಈಗ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1,30,000ಕ್ಕೂ ಹೆಚ್ಚು ಜನ ಸೇರುತ್ತಾರಲ್ಲ, 1970ರಲ್ಲಿ ಅದು ಶುರುವಾದಾಗ ಒಂದು ಹೋಟೆಲಿನಲ್ಲಿ ಸೇರಿದವರು ಸುಮಾರು 300 ಮಂದಿ. ಟೋಕಿಯೋದ ಕಾಮಿಕೆಟ್ ಇನ್ನೂ ಹತ್ತಿರದ ಉದಾಹರಣೆ. ಸ್ವಂತ ಪುಸ್ತಕ ಮಾಡುವವರಿಗೆಂದೇ ಇರುವ ಮೇಳ ಅದು. 1975ರ ಡಿಸೆಂಬರಿನಲ್ಲಿ ಮೊದಲ ಸಲ ನಡೆದಾಗ ಪುಸ್ತಕ ತಂದವು 32 ಗುಂಪುಗಳು, ಬಂದ ಜನ ಸುಮಾರು 700. ಈಗ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಲಕ್ಷಗಟ್ಟಲೆ ಜನ ಬಂದು ಹೀಗೆ ಮನೆಯಲ್ಲಿ ಮಾಡಿದ ಪುಸ್ತಕಗಳನ್ನು ಚೀಲ ತುಂಬಿಸಿಕೊಂಡು ಹೋಗುತ್ತಾರೆ. 32 ಗುಂಪು ಅಂದರೆ ನಮ್ಮ ಶಾಲೆಯ ಸಭಾಂಗಣದಲ್ಲಿ ಹಿಡಿಸುವಷ್ಟು, ಯೋಚನೆ ಮಾಡು.

ಮೇಳದ ಉಳಿದ ಭಾಗ ಬೇಗ ಹೇಳುತ್ತೇನೆ. ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಪಂಚಗಂಗಾ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಮೆಟ್ರೋದಲ್ಲಿ ವೈಟ್‌ಫೀಲ್ಡ್ ಕಡೆ ಹೋದದ್ದು. ಒಳಗೆ ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಸೇರುವಷ್ಟು ಜನ. ಗೊಂಬೆಗಳು, ಟೀ ಶರ್ಟುಗಳು, ವಿಡಿಯೋ ಗೇಮ್ ಆಡಿಸುವ ಮಳಿಗೆಗಳು, ದೊಡ್ಡ ಪರದೆಗಳು, ಕಿವಿಗಡಚಿಕ್ಕುವ ಸ್ಪೀಕರು. ಅದೆಲ್ಲ ಇಷ್ಟಪಡುವ ಮಕ್ಕಳನ್ನು ನೋಡಿ ನನಗೆ ಖುಷಿಯಾಯಿತು. ನಾನು ಮಾತ್ರ ಮತ್ತೆ ಮತ್ತೆ ಚಿತ್ರಕಾರರ ಸಾಲಿಗೇ ಬಂದೆ.

ವೇಷದವರ ಬಗ್ಗೆ ಬರೆಯದಿದ್ದರೆ ನೀನು ಬಿಡುವುದಿಲ್ಲ. ಕಾಸ್‌ಪ್ಲೇ, ಅಂದರೆ ಕಥೆಯ ಪಾತ್ರಗಳ ವೇಷ, ಮಾಡಿಕೊಂಡು ಬಂದವರು ಎಲ್ಲಿ ನೋಡಿದರಲ್ಲಿ. ಜಪಾನಿನ ಕಾರ್ಟೂನು ಚಿತ್ರಗಳಾದ ಅನಿಮೆಯ ಕತ್ತಿವೀರರು, ಅಮೆರಿಕದ ಸೂಪರ್‌ಹೀರೋಗಳು, ಗೇಮಿನ ಯೋಧರು. ಎಲ್ಲರೂ ವೇದಿಕೆಯ ಸ್ಪರ್ಧೆ ನೋಡಲು ಓಡುತ್ತಿದ್ದರು. ನನಗೆ ಅದಕ್ಕಿಂತ ಚಂದ ಕಂಡದ್ದು ಗೋಡೆ ಬದಿಯಲ್ಲಿ ಕೂತು ವೇಷ ರಿಪೇರಿ ಮಾಡಿಕೊಳ್ಳುತ್ತಿದ್ದವರು. ಒಬ್ಬನ ಕಂಚಿನ ಬಣ್ಣದ ಕವಚದಲ್ಲಿ ಭುಜದ ತುಂಡು ಕಳಚಿಹೋಗಿತ್ತು. ಗೆಳೆಯ ಅಂಟು ಹಚ್ಚುತ್ತಿದ್ದ, ಇವನು ಅಲ್ಲಾಡದೆ ಕೂತಿದ್ದ. ಮುಟ್ಟಿ ನೋಡಬಹುದಾ ಎಂದು ಕೇಳಿದೆ. ನೋಡಲು ಗಟ್ಟಿ ಲೋಹ, ಕೈಗೆ ಏನೇನೂ ಭಾರ ಇಲ್ಲ. ಇವಿಎ ಫೋಮ್, ಮಕ್ಕಳು ಆಡಲು ನೆಲಕ್ಕೆ ಹಾಸುವ ಚಾಪೆ ಉಂಟಲ್ಲ, ಅದೇ ಸಾಮಾನು. ಮೊದಲು ಪೇಪರಿನಲ್ಲಿ ಅಳತೆ ಕತ್ತರಿಸಿ, ಅದನ್ನು ಫೋಮಿನ ಮೇಲಿಟ್ಟು ಗೆರೆ ಎಳೆದು, ಹೀಟ್ ಗನ್ನಿನಿಂದ ಬಿಸಿಮಾಡಿ ಮೆತ್ತಗಾದಾಗ ತನ್ನ ಮಂಡಿಯ ಮೇಲೆ ಒತ್ತಿ ಬಗ್ಗಿಸಿದ್ದಂತೆ. ಬಣ್ಣ ಹಾಕಿ ಒಣಗಿದ ಮೇಲೆ ಕಪ್ಪು ಬಳಿದು ಕೂಡಲೇ ಒರೆಸಿಬಿಡುತ್ತಾರೆ. ಸಂದಿಗಳಲ್ಲಿ ಕಪ್ಪು ಉಳಿಯುತ್ತದೆ, ಹಳೆಯ ಯುದ್ಧದ ಕವಚ ಅನ್ನಿಸುತ್ತದೆ.

ಅವನು ಹೇಳುತ್ತಾ ಹೋದ ಹಾಗೆ ನನ್ನ ತಲೆಯಲ್ಲಿ ಯಕ್ಷಗಾನದವರು ವೇಷ ಕಟ್ಟುವ ಚೌಕಿಯೇ ತುಂಬಿಕೊಂಡಿತು. ಹಗುರ ಮರದ ಕಿರೀಟ, ಅದಕ್ಕೆ ಅಂಟಿಸಿದ ಬಂಗಾರದ ಬೇಗಡೆ, ಕನ್ನಡಿ ಚೂರು. ದೂರದಿಂದ ನೋಡಿದವರಿಗೆ ಚಿನ್ನ, ಹೊತ್ತವನಿಗೆ ರಾತ್ರಿಯಿಡೀ ಕುಣಿಯುವಷ್ಟು ಹಗುರ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮುಖದ ಮೇಲೆ ಅಕ್ಕಿಹಿಟ್ಟಿನ ಮುಳ್ಳಿನಂಥ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕನ್ನಡಿ ಮುಂದೆ ಕೂರುವವರ ಕತೆಯನ್ನೂ, ನಮ್ಮಲ್ಲಿ ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ ಎಂಬುದನ್ನೂ ಅವನಿಗೆ ಹೇಳಿದೆ. ಕವಚ ಒಣಗುವವರೆಗೂ ನನ್ನ ಫೋನಿನಲ್ಲಿ ಮಹಿಷಾಸುರನ ಪ್ರವೇಶ ನೋಡಿದ. ಮತ್ತೆ ಹುಲಿವೇಷ ತೋರಿಸಿದೆ, ಮೈಗೆ ಕುರಿಯ ಉಣ್ಣೆ ಅಂಟಿಸಿಕೊಳ್ಳುವ ಉಡುಪಿಯ ಹಳೆಯ ಕ್ರಮ ಹೇಳಿದೆ. ಕೊನೆಗೆ ಕಟಪಾಡಿಯ ರವಿಯವರ ಫೋಟೋ. ಕಟ್ಟಡ ಕೆಲಸ ಮಾಡಿ ಬದುಕುವ ಮನುಷ್ಯ ಅಷ್ಟಮಿಗೆ ಇಂಗ್ಲಿಷ್ ಸಿನಿಮಾದ ವಿಚಿತ್ರ ಜೀವಿಗಳ ವೇಷ ಹಾಕಿ ಬೀದಿಗಿಳಿದು, ಸೇರಿದ ದುಡ್ಡನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟುಬಿಟ್ಟವರು ಎಂದಾಗ ಅವನೂ ಅವನ ಗೆಳೆಯನೂ ಎದ್ದು ನಿಂತು ಫೋಟೋ ದೊಡ್ಡದು ಮಾಡಿ ನೋಡಿದರು. ನಮ್ಮ ಊರಿನವರಿಗೆ ಈ ಮೇಳದಲ್ಲಿ ಅಂಜಿಕೊಂಡು ನಿಲ್ಲುವ ಅಗತ್ಯವೇ ಇಲ್ಲ ಮಾರಾಯ. ವೇಷದ ವಿದ್ಯೆ ನಮ್ಮ ಮನೆಯಂಗಳದಲ್ಲೇ ಉಂಟು.

ಚಿತ್ರಕಥೆಯ ವಿದ್ಯೆಯೂ ಉಂಟು. ಅನಂತ ಪೈಗಳು ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಹನ್ನೆರಡರ ಪ್ರಾಯಕ್ಕೆ ಮುಂಬಯಿ ಸೇರಿದವರು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ಒಂದು ಕ್ವಿಜ್ ನೋಡಿದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರಲಿಲ್ಲ. ಪೈಗಳ ಅಮರ ಚಿತ್ರ ಕಥೆ ಪುಸ್ತಕಮಾಲೆಯ ಹಿಂದೆ ಇದ್ದದ್ದು ಆ ಸಂಕಟ. 1980ರಲ್ಲಿ ಮಕ್ಕಳ ಪತ್ರಿಕೆ ಟಿಂಕಲ್ ತಂದರು, ನಮಗೆ ಸುಪ್ಪಂಡಿಯನ್ನೂ ಶಿಕಾರಿ ಶಂಭುವನ್ನೂ ಕೊಟ್ಟರು. ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ ಮೊಟ್ಟಮೊದಲು ಬಂದ ಪುಸ್ತಕಗಳು ಕನ್ನಡದವು! ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಯದಿಂದ 1965ರಲ್ಲಿ ಇಂಡಿಯಾ ಬುಕ್ ಹೌಸ್ ವಿದೇಶದ ಮಕ್ಕಳ ಕತೆಗಳನ್ನು ಕನ್ನಡದಲ್ಲಿ ಹೊರತಂದಿತು. ಮೊದಲ ಹತ್ತು ಸಂಖ್ಯೆಗಳು ಅವು. ಪೈಗಳ ‘ಕೃಷ್ಣ’ ಹನ್ನೊಂದನೆಯದು.

2011ರ ಫೆಬ್ರುವರಿ 19ರಂದು ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆದಾಗ ಜೀವಮಾನ ಸಾಧನೆಯ ಗೌರವ ಸಂದದ್ದು ಇದೇ ಕಾರ್ಕಳದ ಮನುಷ್ಯನಿಗೆ. ಫೆಬ್ರುವರಿ 24ಕ್ಕೆ ತೀರಿಕೊಂಡರು. ಐದೇ ದಿನ. ಮೇಳ ಬೆಂಗಳೂರಿಗೆ ಬಂದದ್ದು ಮರುವರ್ಷ, 2012ರಲ್ಲಿ. ಅಷ್ಟು ಜನರ ನಡುವೆ ನಿಂತು ಇದನ್ನೆಲ್ಲ ನೆನೆಸಿಕೊಂಡಾಗ ನನಗೆ ಗಂಟಲು ಕಟ್ಟಿತು.

ಇಷ್ಟಾದರೂ ನನ್ನ ಚೀಲದಲ್ಲಿ ಊರಿಗೆ ಬಂದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಇದರಲ್ಲಿ ಮೇಳದ ತಪ್ಪೇನಿಲ್ಲ. ಮೇಜು ಕೇಳಿ ಹೋಗಬೇಕಾದವರು ನಾವು. ಬಾಲಮಂಗಳ ಪತ್ರಿಕೆಗಾಗಿ ಅಂಗಡಿ ಮುಂದೆ ಕಾದು ನಿಲ್ಲುತ್ತಿದ್ದೆವಲ್ಲ, ಅದರ ನಾಯಕ ಡಿಂಗ ಮೂಲದಲ್ಲಿ ಮಲಯಾಳದವನು, 1983ರಲ್ಲಿ ಹುಟ್ಟಿದವನು. ಅನ್ಯಗ್ರಹದವರು ಹೊತ್ತೊಯ್ದು ಶಕ್ತಿ ಕೊಟ್ಟ ಒಂದು ಇಲಿ ಗಡಿ ದಾಟಿ ಬಂದು ನಮ್ಮವನೇ ಆಗಿಬಿಟ್ಟ. ಮಣಿಪಾಲದಿಂದ ಬರುತ್ತಿದ್ದ ಮಕ್ಕಳ ಪತ್ರಿಕೆ ತುಂತುರುವಿನ ಚಿತ್ರಗಳನ್ನು ನೀನು ಗೆರೆ ಬಿಡದೆ ನಕಲು ಮಾಡುತ್ತಿದ್ದಿ. ಓದುವ ಮಕ್ಕಳು ಇದ್ದೇ ಇದ್ದರು, ಈಗಲೂ ಇದ್ದಾರೆ. ಅವರ ಕೈಗೆ ಕೊಡಲು ಇಲ್ಲಿಯದೇ ಒಬ್ಬ ನಾಯಕ ಬೇಕು.

ಅವನನ್ನು ನೀನು ಆಗಲೇ ಸೃಷ್ಟಿಸಿದ್ದಿ. ಕಂಬರಾಯ! ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಒಳಗೆ ಮಲಗಿದ್ದು, ಬೋಟಿನವರು ಕಷ್ಟದಲ್ಲಿ ಕೂಗಿದಾಗ ಏಳುವವನು. ಆ ಷಟ್ಕೋನದ ಕಂಬಗಳನ್ನು ನೀನು ಸ್ಕೇಲು ಹಿಡಿದು ಒಂದೊಂದಾಗಿ ಬಿಡಿಸುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಲಾವಾ ತಣಿದು ಕುಗ್ಗಿ ಸೀಳಿಕೊಂಡು ಆದ ಕಂಬಗಳು ಎಂದು ನಮಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತುಂಟು. ಕಂಬರಾಯನ ಪ್ರಾಯ ಎಷ್ಟು ಎಂಬ ನಮ್ಮ ಜಗಳಕ್ಕೆ ಉತ್ತರ ಸಿಕ್ಕಿತು. ಮಡಗಾಸ್ಕರಿನಲ್ಲಿ ಅವನಿಗೊಬ್ಬಳು ತಂಗಿ ಇರಬಹುದಲ್ಲ? ಎರಡನೆಯ ಪುಸ್ತಕಕ್ಕೆ ಅದು.

ಒಂದು ಕಷ್ಟ ಉಂಟು, ಈಗಲೇ ಹೇಳುತ್ತೇನೆ. ಪಾತ್ರಗಳ ಮಾತು ಬರೆಯುವ ಗುಳ್ಳೆಗೆ ಕನ್ನಡದಲ್ಲಿ ಇಂಗ್ಲಿಷಿಗಿಂತ ಜಾಗ ಹೆಚ್ಚು ಬೇಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲು ಸಾಲಿನ ನಡುವೆ ಬಿಡುವು ಇಲ್ಲದಿದ್ದರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪದಗಳೂ ಉದ್ದ, ಒಡೆದರೆ ಓದಲು ಹಿತವಿಲ್ಲ. ಚಿತ್ರದ ಸಾಫ್ಟ್‌ವೇರುಗಳಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಹಾಕದಿದ್ದರೆ ಅಕ್ಷರ ಬಿಡಿಬಿಡಿಯಾಗಿ ಬಿದ್ದು ಹೋಗುತ್ತದೆ. ಹಾಗಾಗಿ ಮೊದಲು ಗುಳ್ಳೆ, ಆಮೇಲೆ ಚಿತ್ರ ಎಂದು ಪುಟ ಯೋಚಿಸಬೇಕು, ಮಾತು ಕಡಿಮೆ ಮಾಡಬೇಕು. ನನ್ನನ್ನು ಕೇಳಿದರೆ ಅಕ್ಷರವನ್ನು ನೀನು ಕೈಯಲ್ಲೇ ಬರೆ. ನಿನ್ನ ಕೈಬರಹ ನೋಡಿ ಕನ್ನಡ ಟೀಚರು ಬೋರ್ಡಿನ ಕೆಲಸವನ್ನೆಲ್ಲ ನಿನಗೇ ಕೊಡುತ್ತಿದ್ದರು. ಮಾತುಗಳನ್ನು ಬರೆಯುವ ಕೆಲಸ ನನಗಿರಲಿ. ಬೋಟಿನವರು ಕುಂದಾಪ್ರ ಕನ್ನಡದಲ್ಲೇ ಮಾತಾಡಲಿ, ನಡುವೆ ತುಳುವೂ ಬರಲಿ.

ಬೆಂಗಳೂರಿಗೆ ಹೋಗುವ ಮೊದಲು ಹತ್ತಿರದಲ್ಲೇ ತೋರಿಸಬಹುದು. ಕುಂದಾಪುರದಲ್ಲಿ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯರು ನಡೆಸಿಕೊಂಡು ಬಂದ ಕಾರ್ಟೂನು ಹಬ್ಬಕ್ಕೆ ಗೆರೆ ಬಲ್ಲವರೇ ಬರುತ್ತಾರೆ. ಅಲ್ಲಿ ನಾಲ್ಕು ಜನರ ಕೈಗೆ ಪುಟಗಳನ್ನು ಕೊಟ್ಟು, ಓದುವಾಗ ಅವರ ಕಣ್ಣು ಎಲ್ಲಿ ತಡೆಯುತ್ತದೆ ಎಂದು ನೋಡೋಣ.

ಬ್ಯಾಂಕಿನ ಕೆಲಸ, ಮಗಳ ಶಾಲೆ, ಅಪ್ಪನ ಆರೋಗ್ಯ, ಎಲ್ಲ ನನಗೆ ಗೊತ್ತುಂಟು. ವಾರಕ್ಕೆ ಒಂದು ಪುಟ ಸಾಕು. ಅಚ್ಚಿನ ಖರ್ಚು ಅರ್ಧರ್ಧ. ಮುಂದಿನ ಮೇಳಕ್ಕೆ ಮೇಜು ಕೇಳುವ ಅರ್ಜಿ ಯಾವಾಗ ಬರುತ್ತದೆ ಎಂದು ನಾನು ಕಣ್ಣಿಟ್ಟಿರುತ್ತೇನೆ. ಈ ಆದಿತ್ಯವಾರ ಬೆಳಿಗ್ಗೆ ಮಂಗಳೂರಿಗೆ ಬರುತ್ತಿದ್ದೇನೆ, ಅಟ್ಟದಲ್ಲಿ ಆ ಉದ್ದ ನೋಟ್‌ಬುಕ್ಕುಗಳನ್ನು ಹುಡುಕಿಡು. ಗೆದ್ದಲು ಹಿಡಿದಿದ್ದರೂ ಬಿಸಾಡಬೇಡ, ಹಾಗೆಯೇ ತೆಗೆದಿಡು. ಮಗಳಿಗೂ ಹೇಳು, ಕಂಬರಾಯನ ಬಣ್ಣ ಯಾವುದು ಎಂದು ಅವಳು ತೀರ್ಮಾನ ಮಾಡಲಿ. ನಮ್ಮಿಬ್ಬರಿಗೆ ಅದೊಂದು ಕೊನೆಯವರೆಗೂ ಬಗೆಹರಿಯಲೇ ಇಲ್ಲ.

ನಿನ್ನ,
ಉಡುಪಿಯ ಗೆಳೆಯ