ಕಾಯಿನ್ ಜಗಳ ಬಿಡು ಪುಟ್ಟ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನೂ ನಿನ್ನ ಗೆಳೆಯನೂ ಮಾತು ಬಿಟ್ಟಿದ್ದೀರಿ ಎಂದು ತಿಳಿಯಿತು. ಸಾಲದ ವಿಷಯವಲ್ಲ, ಆಸ್ತಿಯ ವಿಷಯವಲ್ಲ. ನಿನ್ನ ಹತ್ತಿರ ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ ಇದೆ, ಅವನ ಹತ್ತಿರ ಈಥರಿಯಂ ಜಾಲದ ನಾಣ್ಯ ಈಥರ್ ಇದೆ, ಅಷ್ಟೇ! ಮಿಕ್ಕ ಕಾಯಿನ್ ಎಲ್ಲ ಕಸ, ಅವನ್ನು ಕೊಂಡವರೆಲ್ಲ ದಡ್ಡರು ಎಂದು ನೀನು ಬರೆದದ್ದನ್ನೂ ಓದಿದೆ. ನಗಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ನೀನು ಬಿಟ್‌ಕಾಯಿನ್ ನಂಬುವುದಕ್ಕೆ ನನ್ನ ತಕರಾರಿಲ್ಲ. 2.1 ಕೋಟಿಗಿಂತ ಒಂದು ನಾಣ್ಯವೂ ಜಾಸ್ತಿ ಹುಟ್ಟುವುದಿಲ್ಲ, ನಿಯಮವನ್ನು ಯಾರೂ ಸುಲಭವಾಗಿ ಬದಲಿಸಲಾರರು. ಅದು ದೊಡ್ಡ ಗುಣವೇ. ಆದರೆ ನೀನು ಬೈಯುವ ಈಥರಿಯಂ ಎಲ್ಲಿಂದ ಬಂತು ಗೊತ್ತೇ? ಅದನ್ನು ಯೋಚಿಸಿದ ವಿಟಾಲಿಕ್ ಬುಟೆರಿನ್ ಮೊದಲು ಬಿಟ್‌ಕಾಯಿನ್ ಬಗ್ಗೆ ಲೇಖನ ಬರೆಯುತ್ತಿದ್ದವನು. ಲೈಟ್‌ಕಾಯಿನ್ 2011ರಲ್ಲಿ ಹುಟ್ಟಿದ್ದೇ ಬಿಟ್‌ಕಾಯಿನ್ ಕೋಡ್‌ನಿಂದ. ಬಿಟ್‌ಕಾಯಿನ್‌ಗಾಗಿ ಬರೆದ ಸೆಗ್‌ವಿಟ್ ಎಂಬ ಬದಲಾವಣೆ 2017ರ ಮೇ ತಿಂಗಳಲ್ಲಿ ಲೈಟ್‌ಕಾಯಿನ್‌ನಲ್ಲಿ ಜಾರಿಯಾಯಿತು. ನಿನ್ನ ಬಿಟ್‌ಕಾಯಿನ್‌ಗೆ ಅದು ಬಂದದ್ದು ಆಗಸ್ಟ್‌ನಲ್ಲಿ. ನೀನು ಕಸ ಎನ್ನುವ ಕಾಯಿನ್ನೇ ಮುಂದೆ ನಡೆದು ದಾರಿ ನೋಡಿಕೊಟ್ಟಿತು.

ಇನ್ನೊಂದು ಗಮನಿಸು. ತೀರಾ ಕಹಿಯಾದ ಜಗಳಗಳು ಆದದ್ದು ಒಂದೇ ಮನೆಯೊಳಗೆ. ಬಿಟ್‌ಕಾಯಿನ್ ವ್ಯವಹಾರಗಳನ್ನು ಒಟ್ಟಾಗಿ ಬರೆಯುವ ಒಂದು ಬ್ಲಾಕ್ 1 ಎಂಬಿ ಮೀರಬಾರದು ಎಂಬ ಮಿತಿ ಇತ್ತು. ಅದನ್ನು ಹೆಚ್ಚಿಸಿ, ಜಾಸ್ತಿ ವ್ಯವಹಾರ ಹಿಡಿಸುತ್ತದೆ, ಶುಲ್ಕ ಇಳಿಯುತ್ತದೆ ಎಂದರು ಒಂದು ಕಡೆಯವರು. ಬ್ಲಾಕ್ ದೊಡ್ಡದಾದರೆ ಸಾಮಾನ್ಯ ಜನ ಮನೆಯ ಕಂಪ್ಯೂಟರಿನಲ್ಲಿ ನೋಡ್ (ಎಲ್ಲ ಲೆಕ್ಕ ಇಟ್ಟು ಪರೀಕ್ಷಿಸುವ ತಂತ್ರಾಂಶ) ನಡೆಸುವುದು ಕಷ್ಟ, ಕೊನೆಗೆ ದೊಡ್ಡ ಕಂಪನಿಗಳ ಕೈಗೆ ಹೋಗುತ್ತದೆ ಎಂದರು ಇನ್ನೊಂದು ಕಡೆಯವರು. ಇದರಲ್ಲಿ ಯಾವುದು ದಡ್ಡ ಮಾತು, ಹೇಳು? ಎರಡೂ ನಿಜವಾದ ಕಾಳಜಿಯೇ. ಆದರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ದ್ರೋಹಿಗಳೆಂದು ಕರೆದುಕೊಂಡರು. 2017ರ ಆಗಸ್ಟ್ 1ರಂದು ದೊಡ್ಡ ಬ್ಲಾಕ್ ಬೇಕೆಂದವರು ಬಿಟ್‌ಕಾಯಿನ್ ಕ್ಯಾಶ್ ಎಂದು ಬೇರೆ ಹೋದರು. ಹೋದವರಾದರೂ ಒಟ್ಟಿಗೆ ಇದ್ದರೇ? ಮರುವರ್ಷದ ನವೆಂಬರ್‌ನಲ್ಲಿ ಅದೂ ಎರಡಾಯಿತು.

ನಿನ್ನ ಗೆಳೆಯನ ಕಡೆಯೂ ಕಥೆ ಬೇರೆ ಇಲ್ಲ. 2016ರಲ್ಲಿ ದಿ ಡಿಎಒ ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಕಳವಾಯಿತು. ಹೆಚ್ಚಿನವರು ಫೋರ್ಕ್ ಮಾಡಿ, ಅಂದರೆ ನಿಯಮ ಬದಲಿಸಿ ದಾಖಲೆಯನ್ನು ಬೇರೆ ದಾರಿಗೆ ತಿರುಗಿಸಿ, ಹಣ ವಾಪಸ್ ಕೊಡಿಸಿದರು. ಬರೆದ ದಾಖಲೆ ಬದಲಾಗಬಾರದು ಎಂದವರು ಈಥರಿಯಂ ಕ್ಲಾಸಿಕ್ ಆಗಿ ಉಳಿದರು. (ನಿನ್ನ ವಾದ ಕೇಳಿದರೆ ನೀನು ಆ ಕ್ಲಾಸಿಕ್‌ನವರ ಜೊತೆ ನಿಲ್ಲಬೇಕು. ಅವರನ್ನೂ ಕಸದ ಪಟ್ಟಿಗೆ ಸೇರಿಸಿದ್ದೀಯ.)

ಯಾಕೆ ಹೀಗಾಗುತ್ತದೆ? ಕಾಯಿನ್ ಕೊಂಡವನಿಗೆ ಅದರ ಬೆಲೆ ಏರಬೇಕು. ಬೆಲೆ ಏರಲು ಇನ್ನೊಬ್ಬರು ಕೊಳ್ಳಬೇಕು. ಹಾಗಾಗಿ ನಮಗೇ ಗೊತ್ತಿಲ್ಲದೆ ನಾವು ಸಂಬಳವಿಲ್ಲದ ಏಜೆಂಟರಾಗುತ್ತೇವೆ. ಯಾರಾದರೂ ಲೋಪ ಎತ್ತಿ ಹೇಳಿದರೆ ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಜೇಬಿಗೆ ಕೈ ಹಾಕಿದಂತೆ ಅನ್ನಿಸುತ್ತದೆ. ಟೆರಾ ಎಂಬ ಕಾಯಿನ್ ಜಾಲದಲ್ಲಿ ಆದದ್ದೂ ಇದೇ. ಅದರ ಬೆಂಬಲಿಗರು, ಅದರ ನಾಣ್ಯ ಲೂನಾದ ಹೆಸರಿನಿಂದ, ತಮ್ಮನ್ನು ಲೂನಾಟಿಕ್ಸ್ ಎಂದು ಕರೆದುಕೊಳ್ಳುತ್ತಿದ್ದರು. ಅಲ್ಲಿ ಇಟ್ಟ ಹಣಕ್ಕೆ ವರ್ಷಕ್ಕೆ 20 ಪ್ರತಿಶತದ ಹತ್ತಿರ ಬಡ್ಡಿ ಎಲ್ಲಿಂದ ಬರುತ್ತದೆ ಎಂದು ಕೇಳಿದವರನ್ನು ಗೇಲಿ ಮಾಡಿದರು. ಅದನ್ನು ಕಟ್ಟಿದ ಡೋ ಕ್ವಾನ್, 2021ರಲ್ಲಿ ಟೀಕಿಸಿದ ಒಬ್ಬ ಅರ್ಥಶಾಸ್ತ್ರಜ್ಞೆಗೆ, ಬಡವರ ಜೊತೆ ತಾನು ವಾದ ಮಾಡುವುದಿಲ್ಲ ಎಂದುಬಿಟ್ಟ. 2022ರ ಮೇ ತಿಂಗಳಲ್ಲಿ ಎಲ್ಲ ಕುಸಿಯಿತು, ಕೆಲವೇ ದಿನಗಳಲ್ಲಿ ಸುಮಾರು 4,000 ಕೋಟಿ ಡಾಲರ್ ಮೌಲ್ಯ ಕರಗಿತು. ಬೈಗುಳದ ಗದ್ದಲದಲ್ಲಿ ಎಚ್ಚರಿಕೆ ಯಾರಿಗೂ ಕೇಳಿಸಲಿಲ್ಲ.

ಹಾಗಂತ ಎಲ್ಲವನ್ನೂ ಒಪ್ಪಿಕೋ ಎನ್ನುತ್ತಿಲ್ಲ. ಮೋಸದ ಕಾಯಿನ್‌ಗಳು ಬೇಕಾದಷ್ಟಿವೆ, ಅವನ್ನು ಮೋಸ ಎಂದೇ ಹೇಳು. ಹೊಸ ನಾಣ್ಯ ಹುಟ್ಟಿಸುವ ಅಧಿಕಾರ ಯಾರ ಕೈಯಲ್ಲಿದೆ, ಹೆಚ್ಚಿನ ಪಾಲು ಎಷ್ಟು ಜನರ ಹತ್ತಿರ ಇದೆ ಎಂದು ಕೇಳು. ನಿನ್ನ ಕಾಯಿನ್‌ಗೂ ಅಷ್ಟೇ ಕಟ್ಟುನಿಟ್ಟಾಗಿ ಪ್ರಶ್ನೆ ಹಾಕು. ಕಂಪ್ಯೂಟರ್ ಬಲದಿಂದ ಬ್ಲಾಕ್ ಸೇರಿಸಿ ಜಾಲ ಕಾಯುವ ಬಿಟ್‌ಕಾಯಿನ್ ಮೈನರ್‌ಗಳಿಗೆ ಸಿಗುವ ಹೊಸ ನಾಣ್ಯಗಳ ಪ್ರತಿಫಲ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 2024ರಲ್ಲಿ ಬ್ಲಾಕಿಗೆ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಮುಂದೆ ಬರೀ ಶುಲ್ಕದಿಂದ ಭದ್ರತೆ ನಡೆಯುತ್ತದೆಯೇ? ನಿನ್ನ ಗೆಳೆಯ ಕೇಳಿದ್ದು ಇದನ್ನೇ, ಅಲ್ವಾ? ಬಿಟ್‌ಕಾಯಿನ್ ಬಲ್ಲವರೇ ತಲೆ ಕೆಡಿಸಿಕೊಂಡಿರುವ ಪ್ರಶ್ನೆಗೆ ನೀನು ಕೊಟ್ಟ ಉತ್ತರ ಒಂದು ಬೈಗುಳ.

ಅವನಿಗೆ ಫೋನ್ ಮಾಡು. 2022ರ ಸೆಪ್ಟೆಂಬರ್‌ನಲ್ಲಿ ಈಥರಿಯಂ ಮೈನಿಂಗ್ ಬಿಟ್ಟು ಸ್ಟೇಕಿಂಗ್‌ಗೆ (ಈಥರ್ ಒತ್ತೆಯಿಟ್ಟು ಜಾಲ ಕಾಯುವ ವಿಧಾನಕ್ಕೆ) ಹೋದಾಗ ಅದರ ವಿದ್ಯುತ್ ಬಳಕೆ 99 ಪ್ರತಿಶತಕ್ಕಿಂತ ಜಾಸ್ತಿ ಇಳಿಯಿತು. ಅದು ಹೇಗೆ ಎಂದು ಅವನಿಂದ ಕೇಳಿ ತಿಳಿ. ಜಾಸ್ತಿ ಈಥರ್ ಇದ್ದವರಿಗೆ ಜಾಸ್ತಿ ಬಲ ಬರುವುದಿಲ್ಲವೇ ಎಂದು ಆಮೇಲೆ ಬೇಕಾದರೆ ಜಗ್ಗಾಡು. ಬೆಲೆಯ ಮಾತು ಮಾತ್ರ ಎತ್ತಬೇಡ.

ಮತ್ತೆ, ವಾದದ ಬಿಸಿಯಲ್ಲಿ ನಿನ್ನ ಹತ್ತಿರ ಎಷ್ಟಿದೆ ಎಂದು ಎಲ್ಲರೆದುರು ಹೇಳಿಕೊಂಡಿದ್ದೀಯ. ಮೊದಲು ಅದನ್ನು ಅಳಿಸು. ವ್ಯಾಲೆಟ್‌ನ ಗುಟ್ಟಿನ ಪದಗಳನ್ನು ಕಾಗದದಲ್ಲಿ ಬರೆದು ಭದ್ರವಾಗಿಡು. ಯಾರು ಕೇಳಿದರೂ ಕೊಡಬೇಡ, ನಾನೇ ಕೇಳಿದರೂ.

ಇಂತಿ ನಿನ್ನ
ದೊಡ್ಡಪ್ಪ