ಮಳೆಗಾಲದಲ್ಲೂ ಮೈ ಬೆವರಲಿ, ಬೆವರು ಮೈಮೇಲೇ ಉಳಿಯದಿರಲಿ

ಮಾನ್ಯ ಸಂಪಾದಕರೇ,

ಏಪ್ರಿಲ್–ಮೇ ತಿಂಗಳಲ್ಲಿ ಕೊಡಗಿನ ಮೈದಾನಗಳನ್ನು ನೋಡಬೇಕು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ಒಕ್ಕದ, ಅಂದರೆ ಮನೆತನದ, ಅಜ್ಜ, ಮಗಳು, ಮೊಮ್ಮಗ ಸ್ಟಿಕ್ ಹಿಡಿದು ಓಡುತ್ತಾರೆ. ಆರೋಗ್ಯ ಸುಧಾರಿಸಲಿ ಎಂದು ಅಲ್ಲಿ ಯಾರೂ ಓಡುವುದಿಲ್ಲ, ಒಕ್ಕದ ಹೆಸರಿಗಾಗಿ, ಖುಷಿಗಾಗಿ ಓಡುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಆಟವೂ ನಿಂತಿತು, ಬೆಳಗಿನ ನಡಿಗೆಯೂ ನಿಂತಿತು. ಸೆಪ್ಟೆಂಬರ್‌ವರೆಗೆ ಬಹುಪಾಲು ಜನ ಮನೆಯೊಳಗೇ ಕುಳಿತಿರುತ್ತಾರೆ. ಹುಳುಕಡ್ಡಿ, ಸಿಬ್ಬು, ಕೆಸರುಹುಣ್ಣಿನಂಥ ಚರ್ಮದ ತೊಂದರೆಗಳು ಹೆಚ್ಚುವುದೂ ಇದೇ ನಾಲ್ಕು ತಿಂಗಳಲ್ಲಿ. ಈ ಕಾಲಕ್ಕೆಂದೇ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೈ ಬಿಸಿಯಾದಾಗ ಆ ಶಾಖವನ್ನು ಹೊರಹಾಕಲು ರಕ್ತ ಚರ್ಮದತ್ತ ನುಗ್ಗುತ್ತದೆ. ಅದರೊಂದಿಗೆ ಆಮ್ಲಜನಕವೂ ಪೋಷಕಾಂಶವೂ ಬರುತ್ತವೆ. ದಿನವೂ ಮೈ ಆಡಿಸುವವರಿಗೆ ನಿದ್ದೆ ಚೆನ್ನಾಗಿ ಹತ್ತುತ್ತದೆ, ಮನಸ್ಸಿನ ಒತ್ತಡ ಇಳಿಯುತ್ತದೆ. ಒತ್ತಡ ಹೆಚ್ಚಿದಾಗ ಮೊಡವೆ, ಇಸುಬಿನ ತುರಿಕೆ ಕೆರಳುವುದನ್ನು ಅನೇಕರು ಅನುಭವಿಸಿರುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಶಿಲೀಂಧ್ರದ ಸೋಂಕು ಬೇಗ ಹತ್ತುತ್ತದೆ, ವ್ಯಾಯಾಮದಿಂದ ಸಕ್ಕರೆ ಹತೋಟಿಗೆ ಬಂದರೆ ಚರ್ಮಕ್ಕೂ ಅನುಕೂಲ. ಆದರೆ ಬೆವರಿನಲ್ಲಿ ಮೈಯ ವಿಷವೆಲ್ಲ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಅದು ಯಕೃತ್ತು, ಮೂತ್ರಪಿಂಡಗಳ ಕೆಲಸ. ಹೆಚ್ಚು ಬೆವರಲೆಂದು ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿದರೆ ನೀರು ಕಳೆದುಕೊಂಡು ತಲೆ ಸುತ್ತೀತು, ಮೈಯೆಲ್ಲ ಬೆವರುಸಾಲೆ ಏಳೀತು, ಅಷ್ಟೆ.

ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 30 ನಿಮಿಷದಂತೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಬಿರುಸು ಅಷ್ಟಿದ್ದರೆ ಸರಿ. ಇದಕ್ಕೆ ಜಿಮ್ ಬೇಕಿಲ್ಲ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಕಲಿಯಿರಿ: ತಾಳ ತಟ್ಟುತ್ತ, ಬಾಗಿ ಎದ್ದು ಸುತ್ತು ಹಾಕುವಾಗ ಸೊಂಟ, ತೊಡೆ, ತೋಳು ಎಲ್ಲಕ್ಕೂ ಕೆಲಸ. ಗಂಡಸರಿಗೆ ಬೊಳಕಾಟ್ ಕುಣಿತವಿದೆ. ಶಟಲ್ ಆಡಬಹುದು. ಏನೂ ಇಲ್ಲದಿದ್ದರೆ ಮನೆಯ ಜಗುಲಿಯಲ್ಲೇ ಐದು ನಿಮಿಷ ನಿಂತಲ್ಲೇ ಹೆಜ್ಜೆ, ಹತ್ತು ಬಸ್ಕಿ, ಗೋಡೆಗೆ ಕೈಕೊಟ್ಟು ಹತ್ತು ದಂಡ, ಒಂದು ನಿಮಿಷ ವಿಶ್ರಾಂತಿ. ಇಷ್ಟನ್ನು ಮೂರು ಸಲ ಮಾಡಿ. ಥಂಡಿ ಹಿಡಿದ ಸಿಮೆಂಟ್ ನೆಲದಲ್ಲಿ ಸ್ಕಿಪ್ಪಿಂಗ್ ಬೇಡ, ಜಾರಿ ಮಣಿಕಟ್ಟು ಮುರಿದೀತು. ಇಷ್ಟವಿಲ್ಲದ ವ್ಯಾಯಾಮ ಹದಿನೈದು ದಿನಕ್ಕೆ ನಿಂತುಹೋಗುತ್ತದೆ, ಹಾಗಾಗಿ ಮೊದಲು ಮನಸ್ಸಿಗೆ ಒಪ್ಪಿದ್ದನ್ನೇ ಆರಿಸಿಕೊಳ್ಳಿ.

ಚರ್ಮ ಕೆಡುವುದು ವ್ಯಾಯಾಮ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಒದ್ದೆ ಬನಿಯನ್ನಿನಲ್ಲೇ ಕುಳಿತು ಕಾಫಿ ಕುಡಿಯುವುದು ನಮ್ಮಲ್ಲಿ ವಾಡಿಕೆ. ಕಂಕುಳು, ತೊಡೆಸಂದು, ಸೊಂಟದ ಇಲಾಸ್ಟಿಕ್ ಕೂರುವ ಗೆರೆಯಲ್ಲಿ ಬೆವರು ನಿಂತರೆ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಬೇಗ ಸ್ನಾನ ಮಾಡಿ. ಹಂಡೆಯ ಸುಡುನೀರು ಹಿತವೆನಿಸಿದರೂ ಚರ್ಮದ ಜಿಡ್ಡನ್ನು ತೊಳೆದು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಗಳಿಗಾದರೆ ಆಯಿತು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಕಾಲ್ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿ. ಕೈಕಾಲಿಗೆ ಕೊಬ್ಬರಿ ಎಣ್ಣೆಯನ್ನು ಮೈ ಇನ್ನೂ ತೇವವಿರುವಾಗಲೇ ತೆಳ್ಳಗೆ ಹಚ್ಚಿ. ಮೊಡವೆಯಿರುವ ಮುಖಕ್ಕೂ ಸಿಬ್ಬು ಇರುವ ಬೆನ್ನಿಗೂ ಎಣ್ಣೆ ಬೇಡ, ಸಿಬ್ಬಿನ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ಬಟ್ಟೆಯದು ಇನ್ನೊಂದು ಪಾಡು. ಮೇಲೆ ಒಣಗಿದಂತೆ ಕಂಡರೂ ಒಳ ಉಡುಪಿನ ಹೊಲಿಗೆ ಹಸಿಯಾಗಿಯೇ ಇರುತ್ತದೆ. ತೊಡುವ ಮೊದಲು ಆ ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಎಳೆಯಿರಿ. ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒದ್ದೆ ಶೂ ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಒಣಗಿರುತ್ತದೆ. ದಿನವಿಡೀ ಗಮ್‌ಬೂಟಿನಲ್ಲಿ ತೋಟದ ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮದ ಉಪದೇಶ ಬೇಡ. ಅವರಿಗೆ ಬೇಕಾದದ್ದು ಮಧ್ಯಾಹ್ನ ಬದಲಿಸಲು ಒಂದು ಜೊತೆ ಒಣ ಕಾಲುಚೀಲ. ಅದನ್ನು ಒದಗಿಸುವುದು ತೋಟದ ಮಾಲೀಕರಿಗೆ ಹೊರೆಯೇನಲ್ಲ.

ಹುಳುಕಡ್ಡಿ ಬಂದರೆ ಅಂಗಡಿಯಲ್ಲಿ ಕೇಳಿ ತರುವ ಮಿಶ್ರಣದ ಮುಲಾಮಿನ ಬಗ್ಗೆ ಎಚ್ಚರ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಸೋಂಕು ಹರಡುತ್ತದೆ, ತೊಡೆಸಂದಿನ ಚರ್ಮ ತೆಳುವಾಗಿ ಬರೆ ಬೀಳುತ್ತದೆ. ವೈದ್ಯರು ಕೊಟ್ಟ ಶಿಲೀಂಧ್ರನಾಶಕವನ್ನು ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಿ. ಗುಣವಾದಂತೆ ಕಂಡ ಕೂಡಲೇ ನಿಲ್ಲಿಸದೆ, ಅವರು ಹೇಳಿದಷ್ಟು ದಿನ ಮುಂದುವರಿಸಿ. ಮನೆಯವರು ಒಂದೇ ಟವೆಲ್ ಬಳಸುತ್ತಿದ್ದರೆ ಮೊದಲು ಅದನ್ನು ಬಿಡಿ.

ಕೊನೆಯದಾಗಿ ಒಂದು ಕೋರಿಕೆ. ಮದುವೆ ಸೀಸನ್ ಮುಗಿದ ಮೇಲೆ ಸಮುದಾಯ ಭವನಗಳು, ಶಾಲೆಗಳ ಸಭಾಂಗಣಗಳು ಸಂಜೆ ಖಾಲಿ ಇರುತ್ತವೆ. ಗ್ರಾಮ ಪಂಚಾಯಿತಿಗಳು, ಸಮಾಜಗಳು, ಶಾಲಾ ಆಡಳಿತ ಮಂಡಳಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಐದೂವರೆಯಿಂದ ಏಳರವರೆಗೆ ಅವುಗಳನ್ನು ಊರವರಿಗೆ ತೆರೆದಿಡಲಿ. ದೀಪ, ಕೈಕಾಲು ತೊಳೆಯಲು ಒಂದು ನಲ್ಲಿ, ಬಟ್ಟೆ ಬದಲಿಸಲು ಹೆಂಗಸರಿಗೊಂದು ಗಂಡಸರಿಗೊಂದು ಕೋಣೆ, ಒದ್ದೆ ಕೊಡೆ–ಜಾಕೆಟ್ ನೇತುಹಾಕಲು ಬಾಗಿಲ ಹೊರಗೆ ಒಂದು ತಂತಿ. ಇಷ್ಟಿದ್ದರೆ ಈ ಮಳೆಗಾಲದಲ್ಲೇ ಶುರು ಮಾಡಬಹುದು.

ಇಂತಿ,
ಆರೋಗ್ಯಾಸಕ್ತ ಓದುಗರು,
ವಿರಾಜಪೇಟೆ, ಕೊಡಗು